ಮೂರು ಇಂಚು ಎತ್ತಿದ ಜೀಪು

ಅಜ್ಜಂಪುರ ತಾಲ್ಲೂಕು ಕೇಂದ್ರವಾಗಿ ಆಗಿನ್ನೂ ಹೆಚ್ಚು ದಿನವಾಗಿರಲಿಲ್ಲ. ತರೀಕೆರೆಯಲ್ಲಿ ನನ್ನ ಗ್ಯಾರೇಜಿಗೆ ಇಪ್ಪತ್ತೆಂಟು ವರ್ಷ ತುಂಬಿತ್ತು. ಟೆಂಪೋ, ಟ್ರ್ಯಾಕ್ಟರು ಎಲ್ಲವೂ ಬರುತ್ತಿದ್ದವಾದರೂ ಕಡೂರು, ಬೀರೂರು ಕಡೆಯವರು ನನ್ನನ್ನು ಹುಡುಕಿಕೊಂಡು ಬರುತ್ತಿದ್ದದ್ದು ಹಳೆಯ ಜೀಪುಗಳಿಗಾಗಿ. ಆ ವಿಷಯದಲ್ಲಿ ನನಗೆ ಜಂಬವೂ ಇತ್ತು, ಈಗ ಒಪ್ಪಿಕೊಳ್ಳುತ್ತೇನೆ.

ರುದ್ರೇಶ್ ಅಜ್ಜಂಪುರದ ಹೈಸ್ಕೂಲೊಂದರಲ್ಲಿ ಡ್ರಿಲ್ ಮೇಷ್ಟ್ರು. ವಯಸ್ಸು ಐವತ್ತೆರಡು. ಹಳೆಯ ಫೋರ್ ವೀಲ್ ಡ್ರೈವ್ ಜೀಪೊಂದನ್ನು ಕೊಳ್ಳಬೇಕು, ಭಾನುವಾರ ಹೆಂಡತಿಯನ್ನು ಕೂರಿಸಿಕೊಂಡು ಕೆರೆ ಏರಿ, ಗುಡ್ಡದ ಮಣ್ಣು ದಾರಿ ಸುತ್ತಬೇಕು ಎಂಬುದು ಅವರ ಬಹುಕಾಲದ ಆಸೆ. ದೇವನೂರಿನ ಹತ್ತಿರ ಒಂದು ಶೆಡ್ಡಿನಲ್ಲಿ ಏಳು ವರ್ಷದಿಂದ ನಿಂತಿದ್ದ ಜೀಪಿನ ಸುದ್ದಿ ತಂದು, ನೋಡಲು ನನ್ನನ್ನೂ ಕರೆದುಕೊಂಡು ಹೋದರು. ನಾನು ಕೆಳಗೆ ಮಲಗಿ ಸಣ್ಣ ಸುತ್ತಿಗೆಯಿಂದ ಚಾಸಿಯ ಉದ್ದಕ್ಕೂ ತಟ್ಟುತ್ತಾ ಹೋದೆ. ತುಕ್ಕು ತಿಂದ ಕಡೆ ಸದ್ದು ಮಂಕಾಗಿ ಬರುತ್ತದೆ. ನೆಲದ ತಗಡು ಹೋಗಿತ್ತು, ಚಾಸಿ ಮಾತ್ರ ಗಟ್ಟಿಯಾಗಿತ್ತು.

“ತಗೊಳ್ಳಿ ಮೇಷ್ಟ್ರೇ, ಧೈರ್ಯವಾಗಿ ತಗೊಳ್ಳಿ” ಎಂದೆ.

ಎರಡು ತಿಂಗಳು ಆ ಗಾಡಿ ನನ್ನ ಗ್ಯಾರೇಜಿನಲ್ಲಿತ್ತು. ಎಂಜಿನ್ ಬಿಚ್ಚಿ ಕಟ್ಟಿದೆ, ನೆಲಕ್ಕೆ ಹೊಸ ತಗಡು ಹಾಕಿದೆ. ದೊಡ್ಡ ಟಯರ್ ಬೇಕೆಂದು ಮೇಷ್ಟ್ರು ಆಸೆಪಟ್ಟರು. ಟಯರ್ ದೊಡ್ಡದಾದರೆ ಮಡ್ಗಾರ್ಡಿಗೆ ತಾಗುತ್ತದೆ. ಅದಕ್ಕೆ ಸ್ಪ್ರಿಂಗ್ ಪಟ್ಟಿ ಬದಲಿಸಿ ಗಾಡಿಯ ಮೈಯನ್ನು ಮೂರು ಇಂಚು ಎತ್ತಿದೆ. ಮೇಷ್ಟ್ರು ವಾರಕ್ಕೆರಡು ಸಲ ಶಾಲೆ ಬಿಟ್ಟ ಮೇಲೆ ಬಸ್ಸು ಹತ್ತಿ ಬಂದು, ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದರು. ಬೇರೆ ಗಿರಾಕಿಗಳು ಹಾಗೆ ಕೂತರೆ ನನಗೆ ಸಿಟ್ಟು ಬರುತ್ತಿತ್ತು. ಇವರು ಸ್ಪ್ಯಾನರಿನ ನಂಬರು ಕಲಿತುಕೊಂಡು, ಕೇಳುವ ಮೊದಲೇ ಎತ್ತಿ ಕೊಡುತ್ತಿದ್ದರು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಬ್ರೇಕ್ ಆಯಿಲ್ ಚಾಸಿಯವರೆಗೆ ಕಬ್ಬಿಣದ ಪೈಪಿನಲ್ಲಿ ಬರುತ್ತದೆ. ಅಲ್ಲಿಂದ ಚಕ್ರಕ್ಕೆ, ಚಕ್ರ ಮೇಲೆ ಕೆಳಗೆ ಆಡುವುದರಿಂದ, ಮೊಳದುದ್ದದ ರಬ್ಬರ್ ಹೋಸ್ ಇರುತ್ತದೆ. ಮೈ ಎತ್ತಿದರೆ ಆ ಹೋಸ್ ಗಿಡ್ಡವಾಗುತ್ತದೆ. ಸಮ ರಸ್ತೆಯಲ್ಲಿ ಏನೂ ತಿಳಿಯುವುದಿಲ್ಲ. ಚಕ್ರವೊಂದು ಗುಂಡಿಯ ಮೇಲೆ ಜೋತುಬಿದ್ದಾಗ ಹೋಸ್ ಎಳೆದ ಹಗ್ಗದಂತೆ ಬಿಗಿಯುತ್ತದೆ. ಅಷ್ಟು ಹಳೆಯ ಜೀಪಿನಲ್ಲಿ ನಾಲ್ಕು ಚಕ್ರಕ್ಕೂ ಆಯಿಲ್ ಹೋಗುವ ದಾರಿ ಒಂದೇ. ಒಂದು ಹೋಸ್ ಕಿತ್ತರೆ ನಾಲ್ಕೂ ಬ್ರೇಕು ಹೋದಂತೆ.

ಇದು ನನಗೆ ಗೊತ್ತಿತ್ತು. ಜಾಕ್ ಕೊಟ್ಟು ಎತ್ತಿ ಕಣ್ಣಾರೆ ನೋಡಿದ್ದೆ. ಉದ್ದದ ಹೋಸ್‌ಗಳಿಗೆ ಬೆಂಗಳೂರಿಗೆ ಹೇಳಿದ್ದೆ, ಬಂದವುಗಳ ತಿರುಪಿನ ಥ್ರೆಡ್ ಕೂಡಲಿಲ್ಲ, ವಾಪಸು ಕಳಿಸಿದೆ. ಬೇರೆಯವು ಬರಲು ಇನ್ನೊಂದು ವಾರ ಬೇಕಿತ್ತು. ಅಷ್ಟರಲ್ಲಿ ಮೇಷ್ಟ್ರ ಹೆಂಡತಿ ಗಿರಿಜಮ್ಮ ಶುಕ್ರವಾರ ಪೂಜೆಗೆ ದಿನ ನೋಡಿಸಿಬಿಟ್ಟಿದ್ದರು. ಹಳೆಯ ಸ್ಪ್ರಿಂಗ್ ಪಟ್ಟಿ, ಹಳೆಯ ಟಯರುಗಳನ್ನೇ ವಾಪಸು ಹಾಕಿ ಕಳಿಸಬಹುದಿತ್ತು. ಒಂದು ದಿನದ ಕೆಲಸ. ಎತ್ತರಕ್ಕೆ ನಿಂತ ಗಾಡಿಯನ್ನು ಕುಗ್ಗಿಸಿ ಕೊಡಲು ನನಗೆ ಮನಸ್ಸಾಗಲಿಲ್ಲ.

ಶುಕ್ರವಾರ ಗ್ಯಾರೇಜಿನ ಮುಂದೆಯೇ ಪೂಜೆ ನಡೆಯಿತು. ಬಾನೆಟ್ಟಿಗೆ ಕುಂಕುಮ, ಚೆಂಡುಹೂವಿನ ಹಾರ, ಚಕ್ರಗಳ ಕೆಳಗೆ ನಿಂಬೆಹಣ್ಣು. ಗಿರಿಜಮ್ಮ ಕರ್ಪೂರದ ತಟ್ಟೆ ಹಿಡಿದು ನಿಂತಿದ್ದರು. ಅಂಥ ಹೊತ್ತಿನಲ್ಲಿ ಅಪಘಾತ, ಬ್ರೇಕ್ ಫೇಲ್ ಎಂಬ ಮಾತನ್ನು ನಮ್ಮ ಕಡೆ ಯಾರೂ ಬಾಯಿಂದ ಆಡುವುದಿಲ್ಲ. ಸೀನು ಬಂದರೂ ತಡೆದುಕೊಳ್ಳುತ್ತೇವೆ. ನಾನು ಹೇಳಬೇಕಾದ ಮಾತಿನ ಮೊನೆ ಮುರಿದು ಹೇಳಿದೆ.

“ಮೇಷ್ಟ್ರೇ, ಸದ್ಯಕ್ಕೆ ಊರೊಳಗೇ ಓಡ್ಸಿ. ಒಂದ್ ಸಾಮಾನು ಬರೋದೈತೆ, ಮುಂದಿನ ವಾರ ಬಂದ್ಬಿಡಿ, ಹಾಕ್ಕೊಡ್ತೀನಿ.”

“ಆಯ್ತು ಕಣಪ್ಪಾ, ಬತ್ತೀನಿ” ಎಂದು ನಗುತ್ತಾ ಹೊರಟರು. ಆ ಸಾಮಾನು ಕನ್ನಡಿಯೋ, ಹಾರ್ನೋ ಎಂದುಕೊಂಡಿರಬೇಕು. ಸಂಜೆ ಫೋನ್ ಮಾಡಿ ಬಿಡಿಸಿ ಹೇಳೋಣವೆಂದಿದ್ದೆ, ಮಾಡಲಿಲ್ಲ. ಶನಿವಾರವೂ ಮಾಡಲಿಲ್ಲ. ಮರೆತೆ ಎಂದರೆ ಸುಳ್ಳಾಗುತ್ತದೆ. ನೆನಪಿತ್ತು, ನಾಳೆ ಮಾಡಿದರಾಯಿತು ಎಂದುಕೊಂಡೆ.

ಭಾನುವಾರ ಮಧ್ಯಾಹ್ನ ಲಿಂಗದಹಳ್ಳಿ ಕಡೆಯಿಂದ, ಗಾಡಿ ಎತ್ತಲು ಬನ್ನಿ ಎಂದು ಫೋನ್ ಬಂತು. ನಾನು ಹೋಗುವಷ್ಟರಲ್ಲಿ ಮೇಷ್ಟ್ರು, ಗಿರಿಜಮ್ಮ ಇಬ್ಬರನ್ನೂ ಆಸ್ಪತ್ರೆಗೆ ಸಾಗಿಸಿದ್ದರು. ಗುಡ್ಡದಿಂದ ಇಳಿಯುವ ಮಣ್ಣು ದಾರಿ. ಮೇಲೆ ನೀರು ಕೊರೆದ ಒಂದು ಚರಂಡಿಯಲ್ಲಿ ಮುಂದಿನ ಎಡಚಕ್ರ ಜೋತುಬಿದ್ದ ಗುರುತಿತ್ತು. ಅಲ್ಲಿಂದ ಇಳಿಜಾರಿನುದ್ದಕ್ಕೂ ಬ್ರೇಕ್ ಆಯಿಲ್ಲಿನ ಹನಿ. ಕೆಳಗೆ ಕಲ್ಲುಗುಂಡಿಯಲ್ಲಿ ಜೀಪು ಮಗುಚಿತ್ತು. ಬಗ್ಗಿ ನೋಡಿದೆ. ಹೋಸ್ ತುದಿಯಲ್ಲಿ ಕಿತ್ತು ಬಂದಿತ್ತು. ಮೇಷ್ಟ್ರು ದಾರಿಯಲ್ಲೇ ತೀರಿಕೊಂಡರೆಂದು ಅಲ್ಲಿದ್ದವರೊಬ್ಬರು ಹೇಳಿದರು.

ಮೂರನೆಯ ದಿನ ಮೋಟಾರು ವಾಹನ ನಿರೀಕ್ಷಕರು ಗಾಡಿ ಪರೀಕ್ಷೆಗೆ ಬಂದರು. “ಹಳೇ ಗಾಡಿ, ಹಳೇ ಹೋಸು. ಆಯಸ್ಸು ಮುಗ್ದಿತ್ತು ಅಂತ ಕಾಣುತ್ತೆ, ಅಲ್ವೇನ್ರೀ?” ಎಂದು ನನ್ನನ್ನು ಕೇಳಿದರು.

“ಇರಬಹುದು ಸಾರ್” ಎಂದೆ.

ಅವರು ಹಾಗೆಯೇ ಬರೆದುಕೊಂಡರು. ನಾನು ಬದುಕಿಕೊಂಡೆ. ಅವತ್ತಿನಿಂದ ಜೀಪಿನ ಕೆಳಗೆ ಮಲಗಲು ನನಗೆ ಆಗಲಿಲ್ಲ.

ಒಂದೂವರೆ ತಿಂಗಳ ಮೇಲೆ ಗಿರಿಜಮ್ಮ ಒಬ್ಬರೇ ಗ್ಯಾರೇಜಿಗೆ ಬಂದರು. ಬಲಗೈಗೆ ಇನ್ನೂ ಪಟ್ಟಿ ಇತ್ತು. ಸ್ಟೂಲು ಕೊಟ್ಟೆ, ಕೂರಲಿಲ್ಲ.

“ಮೂರ್ ಸಲ ತುಳಿದ್ರು. ಬ್ರೇಕ್ ಹಿಡೀತಿಲ್ಲ ಕಣೇ ಅಂದ್ರು. ಆಮೇಲೆ ಮಾತಾಡ್ಲೇ ಇಲ್ಲ. ನಾನೇ ಸ್ಪೀಡಾಗ್ ಓಡ್ಸುದ್ನಾ, ನಂದೇ ತಪ್ಪಾ ಅಂತ ಅಂದ್ಕೊಂಡೇ ಹೋಗಿರ್ತಾರೆ. ತಪ್ಪು ಅವ್ರದಾ? ಅದೊಂದ್ ಹೇಳಿ ಸಾಕು.”

ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಹೇಳಿದೆ. ಹೋಸ್ ಗಿಡ್ಡವಾದದ್ದು, ಜಾಕ್ ಕೊಟ್ಟು ನೋಡಿದ್ದು, ಪೂಜೆಯ ಹೊತ್ತಿನಲ್ಲಿ ಬಾಯಿ ಬಾರದೆ ಹೋದದ್ದು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತು.

“ಅಪಶಕುನ ಅಂತ ಸುಮ್ನಿದ್ರಾ?” ಎಂದರು. “ಅಂದಿದ್ರೆ ನಂಗೆ ಬೇಜಾರಾಗ್ತಿತ್ತು. ಒಂದಿನ ಬೇಜಾರ್ ಮಾಡ್ಕೊಂಡು ಸುಮ್ನಾಗ್ತಿದ್ದೆ. ಅವ್ರು ಮನೇಲಿರ್ತಿದ್ರು.”

ಸೆರಗನ್ನು ಪಟ್ಟಿಯ ಮೇಲೆ ಎಳೆದುಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದುಹೋದರು.

ಮರುದಿನ ನಿರೀಕ್ಷಕರ ಕಚೇರಿಗೆ ಹೋಗಿ, ನನ್ನ ಹೇಳಿಕೆ ಬದಲಿಸಬೇಕು ಎಂದೆ. “ಯಾಕ್ರೀ ಸುಮ್ನೆ ಮೈಮೇಲೆ ಎಳ್ಕೊತೀರಾ? ಫೈಲು ಮುಗ್ದೋಗಿದೆ” ಎಂದರು. ಎಳೆದುಕೊಂಡೆ. ನಿರ್ಲಕ್ಷ್ಯದಿಂದ ಸಾವು ಎಂದು ನನ್ನ ಮೇಲೆ ಕೇಸಾಯಿತು. ಇನ್ನೂ ನಡೆಯುತ್ತಿದೆ. ಗ್ಯಾರೇಜು ಮುಚ್ಚಿದ್ದೇನೆ.

ಯಂತ್ರದ ತೊಂದರೆ ಮೆಕ್ಯಾನಿಕ್‌ಗೆ ತಿಳಿದರೆ ಸಾಲದು. ಸ್ಟಿಯರಿಂಗ್ ಹಿಡಿಯುವವನಿಗೆ ಅದು ತಿಳಿಯಬೇಕು, ಅದೂ ಎಲ್ಲಿ ಪ್ರಾಣ ಹೋಗುತ್ತದೆ ಎಂಬಷ್ಟು ಸ್ಪಷ್ಟವಾಗಿ. ಇಪ್ಪತ್ತೆಂಟು ವರ್ಷದ ಕಸುಬು ನನಗೆ ಇದನ್ನು ಇಷ್ಟು ತಡವಾಗಿ ಕಲಿಸಿತು. ಅಂದು ಕಚೇರಿಯ ಬೆಂಚಿನ ಮೇಲೆ ಕೂತು ಹೇಳಿಕೆ ಬರೆಯುವಾಗ ಎಲ್ಲಿಂದ ಶುರು ಮಾಡಬೇಕೆಂದು ಬಹಳ ಹೊತ್ತು ತೋಚಲಿಲ್ಲ. ಕೊನೆಗೆ ಮೊದಲ ಸಾಲಿನಲ್ಲಿ ಬರೆದೆ: ರುದ್ರೇಶ್ ಅವರದು ಯಾವ ತಪ್ಪೂ ಇಲ್ಲ.