ಕೆಟ್ಟಿದ್ದು ಹೊರಗಿನ ತಂತಿ

ಡ್ಯಾನ್ಯೂಬ್ ನದಿ ದಂಡೆಯ ರೂಸೆ ಪಟ್ಟಣದ ಸ್ನೇಜಿನಾಳ ಅಪ್ಪ ಅಮ್ಮ ಇಬ್ಬರಿಗೂ ಕಿವಿ ಕೇಳುತ್ತಿರಲಿಲ್ಲ. ಬಾಯಿಮಾತಿಗಿಂತ ಮೊದಲು ಕೈಸನ್ನೆ ಕಲಿತ ಅವಳು, ಔಷಧದಂಗಡಿಯಲ್ಲಿ, ಬ್ಯಾಂಕಿನಲ್ಲಿ ಅವರ ಪರವಾಗಿ ಮಾತಾಡುತ್ತಲೇ ಬೆಳೆದಳು. ಮುಂದೆ ಅದೇ ಉದ್ಯೋಗವಾಯಿತು. ಕಿವುಡರು ವೈದ್ಯರ ಬಳಿ ಹೋದಾಗ ತನ್ನ ಮನೆಯಿಂದಲೇ ಅವರ ಮೊಬೈಲಿನ ಪರದೆಯಲ್ಲಿ ಕಾಣಿಸಿಕೊಂಡು, ವೈದ್ಯರ ಮಾತನ್ನು ಸನ್ನೆ ಮಾಡಿ ತಿಳಿಸುವಳು.

ಆ ವಸಂತದಲ್ಲಿ ಮನೆಯ ಇಂಟರ್ನೆಟ್ ಕೈಕೊಡತೊಡಗಿತು. ಒಂದು ಬೆಳಿಗ್ಗೆ ವೆಲಿನ್ ಎಂಬ ಕಿವುಡ ಬಡಗಿ ವೈದ್ಯೆಯ ಎದುರು ಕೂತಿದ್ದ. ಶಸ್ತ್ರಚಿಕಿತ್ಸೆಗೆ ಮುಂಚೆ ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸಬೇಕು ಎಂದು ಆಕೆ ಹೇಳುತ್ತಿದ್ದಳು. ಸ್ನೇಜಿನಾ 'ಮಾತ್ರೆ' ಎಂದು ಸನ್ನೆ ಮಾಡಿದ್ದಷ್ಟೇ, 'ನಿಲ್ಲಿಸು' ಎನ್ನುವ ಮೊದಲೇ ಚಿತ್ರ ನಿಂತುಹೋಯಿತು. ಮಾತ್ರೆ ಬಿಡದೆ ನುಂಗಬೇಕೆಂದುಕೊಂಡು ವೆಲಿನ್ ಎದ್ದು ಬಂದ. ಅವನಿಗೆ ಸಂದೇಶ ಕಳಿಸಿ, ವೈದ್ಯೆಗೆ ಫೋನ್ ಮಾಡಿ, ಸ್ನೇಜಿನಾ ತಪ್ಪು ಸರಿಪಡಿಸಿದಳು.

ಭಯ ಇಳಿದ ಮೇಲೆ ಸಿಟ್ಟು ಏರಿತು. ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿದಳು. ರೌಟರ್ ಆಫ್ ಮಾಡಿ ಆನ್ ಮಾಡಿ ಎಂದರು, ಮಾಡಿದಳು. ಕಪಾಟಿನೊಳಗಿದ್ದರೆ ಹೊರಗಿಡಿ ಎಂದರು. ಅದು ಮೊದಲಿಂದಲೂ ಮೇಜಿನ ಮೇಲೇ ಇತ್ತು. ಹಾಗಾದರೆ ಕಂಪ್ಯೂಟರ್ ಹಳತಾಗಿದೆ ಎಂದರು. ಅವಳು ವೈಫೈ ಬಿಟ್ಟು, ರೌಟರಿನಿಂದ ಕಂಪ್ಯೂಟರಿಗೆ ನೇರವಾಗಿ ಕೇಬಲ್ ಹಾಕಿ ನೋಡಿದಳು. ಆಗಲೂ ಸಂಪರ್ಕ ಕಡಿಯಿತು, ರೌಟರಿನ ದೀಪ ಕೆಂಪಾಯಿತು. ಕೆಂಪು ಎಂದರೆ ಹೊರಗಿನ ತಂತಿಯಿಂದ ಏನೂ ಬರುತ್ತಿಲ್ಲ ಎಂದು ಅದರ ಜೊತೆಗಿದ್ದ ಹಾಳೆಯಲ್ಲೇ ಅಚ್ಚಾಗಿತ್ತು. ಅದನ್ನೇ ಹೇಳಿದಳು.

"ಮೇಡಂ, ಇದೆಲ್ಲ ನಿಮಗೆ ಗೊತ್ತಾಗಲ್ಲ. ಗೊತ್ತಿರೋರು ಯಾರಾದ್ರೂ ಮನೇಲಿದ್ರೆ ಫೋನ್ ಕೊಡಿ," ಎಂದಿತು ಆ ಕಡೆಯ ದನಿ.

ಅಪ್ಪನ ಎದುರಲ್ಲೇ ಅಂಗಡಿಯವರು 'ಇವರಿಗೆ ಗೊತ್ತಾಗಲ್ಲ' ಎಂಬ ಮಾತನ್ನು ಎಷ್ಟು ಸಲ ಆಡಿದ್ದರೋ. ಆಗೆಲ್ಲ ಅದನ್ನು ಸನ್ನೆ ಮಾಡದೆ ತನ್ನೊಳಗೇ ಇಟ್ಟುಕೊಂಡಿದ್ದಳು.

"ಗೊತ್ತಿರೋಳೇ ಮಾತಾಡ್ತಿರೋದು," ಎಂದಳು. "ನಾಳೆ ಯಾರನ್ನಾದ್ರೂ ಕಳಿಸಿ."

ಫೋನಿಟ್ಟು ನೇರ ಕೆಳಗಿನ ಮನೆಗೆ ಹೋದಳು. ಅಲ್ಲಿದ್ದ ಹರಲಂಪಿ ಡ್ಯಾನ್ಯೂಬಿನಲ್ಲಿ ದೋಣಿ ನಡೆಸಿ ನಿವೃತ್ತನಾದವನು. ಅವನ ಇಂಟರ್ನೆಟ್ಟೂ ಹೀಗೇ ಕಡಿಯುತ್ತಿತ್ತು, ಅವನಿಗೂ ಕಂಪನಿ ಕಂಪ್ಯೂಟರ್ ಹಳತಾಗಿದೆ ಎಂದೇ ಹೇಳಿತ್ತು. ಆತ ನಂಬಿ ಹೊಸ ಕಂಪ್ಯೂಟರನ್ನೇ ಕೊಂಡುಬಿಟ್ಟಿದ್ದ.

"ಹೊಸದೂ ಹಂಗೇ ನಿಂತೋಗುತ್ತೆ ಕಣಮ್ಮ. ನಂಗೇ ಬಳಸೋಕೆ ಬರಲ್ವೇನೋ ಅಂದ್ಕೊಂಡೆ," ಎಂದ.

ಅವಳಿಗೆ ಎಲ್ಲಕ್ಕಿಂತ ಉರಿದದ್ದು ಇದು. ತನ್ನ ದೀಪ ಕೆಂಪಾದ ಕೂಡಲೇ ಬಾಲ್ಕನಿಯಿಂದ ಕೂಗುತ್ತೇನೆ, ನಿನ್ನದನ್ನೂ ನೋಡು ಎಂದು ಹೇಳಿ ಹೋದಳು. ಮಧ್ಯಾಹ್ನ ಕೂಗಿದಳು. ಅವನದೂ ಕೆಂಪಾಗಿತ್ತು. ಎರಡೂ ಮನೆಗೆ ತಂತಿ ಹೋಗುವುದು ಮೆಟ್ಟಿಲ ಬಳಿಯ ಒಂದೇ ಪೆಟ್ಟಿಗೆಯಿಂದ.

ಮರುದಿನ ಬಂದ ಕಂಪನಿಯವನು ಕಂಪ್ಯೂಟರ್ ನೋಡಬೇಕೆಂದು ಒಳಗೆ ಕಾಲಿಡಹೊರಟ. ಸ್ನೇಜಿನಾ ಬಾಗಿಲಿಗೆ ಅಡ್ಡ ನಿಂತಳು.

"ಒಳಗೆ ಆಮೇಲೆ. ಮೊದ್ಲು ಮೆಟ್ಟಿಲ ಹತ್ರ ಇರೋ ನಿಮ್ಮ ಪೆಟ್ಟಿಗೆ ತೆಗೀರಿ."

ಅವನು ಗೊಣಗುತ್ತಲೇ ತೆಗೆದ. ಮೇಲಿನ ಕೊಳವೆಯಿಂದ ಜಿನುಗಿದ ನೀರು ಒಳಗೆ ಇಳಿದು, ತಂತಿಯ ಜೋಡಣೆ ಕಿಲುಬು ಹಿಡಿದು ಹಸಿರಾಗಿತ್ತು. ಅದನ್ನು ಕತ್ತರಿಸಿ, ಹೊಸದು ಹಾಕಿ, ಯಾರ ಮುಖವನ್ನೂ ನೋಡದೆ ಹೊರಟುಹೋದ.

ಸಂಜೆ ಕಂಪನಿಯಿಂದ ಸಂದೇಶ ಬಂತು: ಗ್ರಾಹಕರ ಮನೆಯೊಳಗಿನ ದೋಷ ಸರಿಪಡಿಸಲಾಗಿದೆ. ಸ್ನೇಜಿನಾ ಮತ್ತೆ ಫೋನ್ ಹಿಡಿದಳು. 'ಕೆಟ್ಟಿದ್ದು ನಮ್ಮ ತಂತಿ' ಎಂದು ಕಂಪನಿಯವರು ಬರೆದು ತನಗೂ ಹರಲಂಪಿಗೂ ಕಳಿಸುವ ತನಕ, ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸಿದರೂ ಬಿಡಲಿಲ್ಲ. ಕೊನೆಗೆ ಕಳಿಸಿದರು. ಕ್ಷಮೆಯ ಮಾತು ಅದರಲ್ಲಿರಲಿಲ್ಲ.

ಹರಲಂಪಿ ಹಳೆಯ ಕಂಪ್ಯೂಟರನ್ನು ಅಟ್ಟದಿಂದ ಇಳಿಸಿ, ಧೂಳು ಒರೆಸಿ ಆನ್ ಮಾಡಿದ. ಅದು ಚೆನ್ನಾಗಿಯೇ ಓಡಿತು. ಅವನು ಖುಷಿಯಾಗಿ ಕಾಫಿ ಕೊಟ್ಟ. ಸ್ನೇಜಿನಾ ಕುಡಿದಳು, ಆದರೆ ಸಿಟ್ಟು ಇಳಿದಿರಲಿಲ್ಲ.