ತುಲಾಭಾರದ ತೂಕ

ವೆಂಕೋಬರಾಯರು ಹೊಸಪೇಟೆಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಜೋರಾಗಿ ಗಾಳಿ ಬೀಸಿದರೆ ಛತ್ರಿಯ ಜೊತೆ ರಾಯರೂ ಹಾರಿಹೋಗುತ್ತಾರೆಂದು ನಮ್ಮ ಓಣಿಯವರು ನಗುತ್ತಿದ್ದರು. ಬಿಳಿ ದೊರೆಗಳ ಕಾಲದ ಆ ಕಚೇರಿಯಲ್ಲಿ ಅವರು ಎತ್ತಿದ ದೊಡ್ಡ ಭಾರವೆಂದರೆ ಕಾಗದದ ಕಟ್ಟು. ಅಂಥವರು ಐವತ್ತರ ಹತ್ತಿರ ಬಂದಮೇಲೆ ಹಿತ್ತಲಲ್ಲಿ ಕಚ್ಚೆ ಬಿಗಿದು ಒರಳಿನ ಗುಂಡು ಎತ್ತಲು ಹೊರಟರೆ ಯಾರು ನಗದೆ ಇದ್ದಾರು? ಮೊದಲ ದಿನವೇ ಸೊಂಟ ಹಿಡಿದುಕೊಂಡು ಮಲಗಿದರು.

ನಕ್ಕವರಿಗೆ ಕಾರಣ ಗೊತ್ತಿರಲಿಲ್ಲ. ಅವರ ಹೆಂಡತಿ ಲಕ್ಷ್ಮೀಬಾಯಿ ಬಾವಿಕಟ್ಟೆಯ ಮೇಲೆ ಜಾರಿ ಬಿದ್ದು, ಕಾಲು ಸ್ವಾಧೀನ ತಪ್ಪಿ ಹಾಸಿಗೆ ಹಿಡಿದಿದ್ದರು. ಆಕೆಗೆ ಉಳಿದಿದ್ದು ಒಂದೇ ಆಸೆ. ಹಂಪಿಯಲ್ಲಿ ಹೊಳೆಯ ಸ್ನಾನ ಮಾಡಿ, ಚಕ್ರತೀರ್ಥದ ಮೇಲಿನ ಮೆಟ್ಟಿಲು ಹತ್ತಿ, ಯಂತ್ರೋದ್ಧಾರಕ ಪ್ರಾಣದೇವರನ್ನು ನೋಡಬೇಕು. ಅಲ್ಲಿಯ ತನಕ ಗಾಡಿ ಇತ್ತು, ಹರಿಗೋಲು ಇತ್ತು. ಮೆಟ್ಟಿಲಿಗೆ ಯಾರು? ಮಿಂದು ಮಡಿಯಲ್ಲಿದ್ದವಳನ್ನು ಗಂಡನಲ್ಲದೆ ಬೇರೆ ಗಂಡಸರು ಮುಟ್ಟುವಂತಿಲ್ಲ. ಮಕ್ಕಳಿಲ್ಲ. ಡೋಲಿ ಮಾಡಿಸುತ್ತೇನೆಂದರೆ ಆಕೆ ಒಪ್ಪಲಿಲ್ಲ.

"ನಾಕು ಮಂದಿ ಹೆಗಲ ಮ್ಯಾಲ ಹೋಗೋದು ಒಂದೇ ಸಲರೀ. ಅದಕ್ಕ ಇನ್ನೂ ಹೊತ್ತದ."

ರಾಯರು ನಾಚಿಕೆ ಬಿಟ್ಟು ಗರಡಿಮನೆಯ ಸುಂಕಪ್ಪನನ್ನು ಕರೆಸಿದರು. ಅವನು ಒರಳಿನ ಗುಂಡನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದ.

"ಕಲ್ಲು ಬ್ಯಾಡ್ರಿ ರಾಯ್ರ. ಚೀಲದಾಗ ಮರಳು ತುಂಬ್ರಿ. ಮೈ ಒಗ್ಗಿದಂಗ ಒಂದೊಂದು ಬೊಗಸಿ ಏರಿಸ್ಕೋತ ಹೋಗ್ರಿ. ಸೊಂಟ ಬಗ್ಗಿಸಬ್ಯಾಡ್ರಿ, ಮಣಕಾಲು ಬಗ್ಗಿಸ್ರಿ. ಉಸುರು ಕಟ್ಟಬ್ಯಾಡ್ರಿ."

"ಎಲ್ಲಿ ತನಕ ಏರಿಸಲಿ?" ಎಂದು ಕೇಳಿದವರೂ ರಾಯರೇ, ಉತ್ತರ ಹೇಳಿಕೊಂಡವರೂ ರಾಯರೇ. ಹಿಂದೊಮ್ಮೆ ಲಕ್ಷ್ಮೀಬಾಯಿ ವಿಷಮಜ್ವರದಿಂದ ಬದುಕಿ ಎದ್ದಾಗ, ಕಂಪ್ಲಿಯ ಬೆಲ್ಲದಿಂದ ಆಕೆಗೆ ತುಲಾಭಾರ ಮಾಡಿಸಿದ್ದರು. ತಕ್ಕಡಿ ಸರಿತೂಗಿದ್ದು ನಾಲ್ಕು ಮಣಕ್ಕೆ. ಚೀಲವೂ ನಾಲ್ಕು ಮಣ ಆದ ದಿನ ಹಂಪಿಗೆ ಹೊರಡುವುದೆಂದು ನಿಶ್ಚಯಿಸಿಬಿಟ್ಟರು.

ಆಮೇಲೆ ಅವರಿಗೆ ಚೀಲದ್ದೇ ಧ್ಯಾನ. ಬೆಳಿಗ್ಗೆ ಸಂಧ್ಯಾವಂದನೆ, ಅದರ ಬೆನ್ನಿಗೇ ಮರಳು. ಅಡಿಗೆ ನೋಡಿಕೊಳ್ಳುತ್ತಿದ್ದ ತಂಗಿ ಸರಸ್ವತೀಬಾಯಿ ಒಮ್ಮೆ ಹಿತ್ತಲಿಗೆ ಬಂದು ಹೇಳಿದಳು.

"ಅಣ್ಣಾ, ವೈನಿ ಎರಡು ತುತ್ತಿನ ಮ್ಯಾಲೆ ಒಲ್ಲೆ ಅಂತಾಳ. ಒಳಗ ಬಂದು ನೋಡು."

"ಇವತ್ತ ಎರಡು ಬೊಗಸಿ ಹೆಚ್ಚಿಗಿ ಹಾಕೀನಿ, ಆಕೀಗೆ ಹೇಳು," ಎಂದರು ರಾಯರು.

ಹೆಂಗಸರ ಬುದ್ಧಿ ಮೊಣಕಾಲ ಕೆಳಗೆ ಎಂದು ಗಾದೆ ಕಟ್ಟಿದವರು ಆಗ ಈ ಮಹಾರಾಯರನ್ನು ನೋಡಬೇಕಿತ್ತು! ದಿನಾ ಆಕೆಯ ಮುಖ ನೋಡಿ, ತೋಳು ತೋರಿಸಿ ಬರುತ್ತಿದ್ದರು. ಹೊದಿಕೆಯ ಕೆಳಗೆ ಏನು ಉಳಿದಿದೆಯೆಂದು ನೋಡಲಿಲ್ಲ. ಆಕೆಯೂ ಹೇಳಲಿಲ್ಲ.

ಕಾರ್ತಿಕದಲ್ಲಿ ನಾಲ್ಕು ಮಣದ ಚೀಲ ಹೆಗಲಿಗೇರಿತು. ಹಂಪಿಗೆ ಹೋದರು. ಸರಸ್ವತೀಬಾಯಿ ಅತ್ತಿಗೆಗೆ ಹೊಳೆಯ ನೀರು ಹಾಕಿ ಮಡಿಸೀರೆ ಉಡಿಸಿದಳು. ರಾಯರು ದೇವರ ಹೆಸರು ಹೇಳಿ, ಮಣಕಾಲು ಬಗ್ಗಿಸಿ, ಕಲಿತ ಬಲವನ್ನೆಲ್ಲ ಕೂಡಿಸಿ ಹೆಂಡತಿಯನ್ನು ಎತ್ತಿದರು. ಎತ್ತಿದ ರಭಸಕ್ಕೆ ಹಿಂದಕ್ಕೆ ಜೋಲಿ ಹೊಡೆದು ಬೀಳುವುದರಲ್ಲಿದ್ದರು. ತೋಳಿನಲ್ಲಿ ಭಾರವೇ ಇರಲಿಲ್ಲ.

"ಎಷ್ಟು ಹಗುರ ಎತ್ತಿದ್ರಿ! ಮೈಯಾಗ ಭಾಳ ಶಕ್ತಿ ಬಂದದರೀ," ಎಂದು ಲಕ್ಷ್ಮೀಬಾಯಿ ಹೆಮ್ಮೆಯಿಂದ ಅವರ ಕೊರಳಿಗೆ ಕೈ ಹಾಕಿದರು.

ರಾಯರು ಹೌದೆಂದರು. ಮೆಟ್ಟಿಲು ಹತ್ತುವಾಗ ಒಮ್ಮೆಯೂ ನಿಲ್ಲಲಿಲ್ಲ, ಏದುಸಿರೂ ಬರಲಿಲ್ಲ. ದೇವರ ಎದುರು ಆಕೆ ಕಣ್ಣು ತುಂಬ ನೋಡಿದರು. ರಾಯರಿಗೆ ಏನೂ ಕಾಣಲಿಲ್ಲ.

ಮರುದಿನ ಸುಂಕಪ್ಪ ಬಂದಾಗ ರಾಯರು ಹಿತ್ತಲಲ್ಲಿ ಕೂತು ಚೀಲದ ಬಾಯಿ ಬಿಚ್ಚಿ ಮರಳು ತೆಗೆಯುತ್ತಿದ್ದರು. ಒಂದಿಷ್ಟು ತೆಗೆಯುವುದು, ಎತ್ತಿ ನೋಡುವುದು, ಮತ್ತೆ ತೆಗೆಯುವುದು.

"ಇದೇನ್ರಿ ರಾಯ್ರ, ಏರಿಸೋದು ಬಿಟ್ಟು ಇಳಸಾಕ ಹತ್ತೀರಿ?"

ರಾಯರು ಚೀಲವನ್ನು ಎರಡೂ ತೋಳಲ್ಲಿ ಎತ್ತಿ ಎದೆಗೊತ್ತಿಕೊಂಡರು.

"ಈಗ ಸರಿ ಆತು ನೋಡು, ಸುಂಕಪ್ಪಾ. ಇಷ್ಟೇ ಅದಾಳ."

ಹೊರಗೆ ಬಿದ್ದ ಮರಳು ಚೀಲದಲ್ಲಿ ಉಳಿದದ್ದಕ್ಕಿಂತ ಹೆಚ್ಚಿತ್ತು. ಅದನ್ನು ನೋಡುತ್ತ ರಾಯರು ಗೊಳೋ ಎಂದು ಅತ್ತರು.