ಮಾರಾಟಕ್ಕಿಲ್ಲದ ಬಕೆಟ್ಟು

ನನ್ನ ಭಾವಮೈದನಿಗೆ ಅವನಪ್ಪ ಇಟ್ಟ ಹೆಸರು ಬೇರೆ, ಬೀದಿಯವರು ಇಟ್ಟಿದ್ದು ಸಿಡಿಲಪ್ಪ. ರೇಡಿಯೊ ರಿಪೇರಿ ಮಾಡಿಕೊಂಡು ತೆಪ್ಪಗಿದ್ದವನು ನಲವತ್ತು ದಾಟಿದ ಮೇಲೆ ಅಡುಗೆಮನೆ ಪಕ್ಕದ ಸಾಮಾನು ಕೋಣೆಯಲ್ಲಿ ಪ್ಲಾಸ್ಮಾ ಯಂತ್ರ ಕಟ್ಟಲು ಕೂತ. ಹಾಗಂದರೇನಪ್ಪಾ ಅಂತ ಕೇಳಿದೆ. ಗಾಳಿಗೆ ಜೋರು ಕರೆಂಟು ಹೊಡೆಸಿದರೆ ಅದು ತಲೆಕೆಟ್ಟು ನೇರಳೆ ಬಣ್ಣಕ್ಕೆ ತಿರುಗುತ್ತದೆ, ಅದೇ ಪ್ಲಾಸ್ಮಾ ಅಂದ. ಅವನ ಅಕ್ಕನನ್ನೇ ಕಟ್ಟಿಕೊಂಡವನು ನಾನು, ತಕ್ಷಣ ಅರ್ಥವಾಯಿತು.

ಪ್ಲಾಸ್ಟಿಕ್ಕಿನ ಮೇಲೆ ಬಣ್ಣ ನಿಲ್ಲುವುದಿಲ್ಲವಲ್ಲ, ಕೆಸುವಿನೆಲೆ ಮೇಲಿನ ನೀರಿನ ಹಾಗೆ ಜಾರುತ್ತದೆ. ಈ ನೇರಳೆ ಜ್ವಾಲೆಯನ್ನು ಒಮ್ಮೆ ಮೇಲಾಡಿಸಿದರೆ ಸಾಕು, ಪ್ಲಾಸ್ಟಿಕ್ಕೇ ಬಣ್ಣವನ್ನು ತಬ್ಬಿಕೊಂಡುಬಿಡುತ್ತದೆ. ಆದರೆ ಬಣ್ಣ ಬೀಳುವ ತನಕ ಬರಿಗೈಯಲ್ಲಿ ಮುಟ್ಟಿದರೂ ಕೆಟ್ಟಿತು.

ಅವನು ಸ್ವಿಚ್ ಒತ್ತಿದರೆ ಬೀದಿಯ ರೇಡಿಯೊಗಳೆಲ್ಲ ಕೆಮ್ಮುತ್ತಿದ್ದವು. ಎದುರುಮನೆ ಬೆಕ್ಕಿನ ಬಾಲ ಮೂರು ದಿನ ನೆಟ್ಟಗೆ ನಿಂತಿತ್ತು, ಆ ಮನೆಯವರು ಅದಕ್ಕೆ ಟೋಪಿ ನೇತುಹಾಕುತ್ತಿದ್ದರು. ನಂಬದಿದ್ದರೆ ಬೆಕ್ಕನ್ನೇ ಕೇಳಿ.

ಅವನ ಹೆಂಡತಿಗೆ ಸಾಕಾಗಿತ್ತು. ಡಬ್ಬಿ ಮುಚ್ಚಳದ ಕಾರ್ಖಾನೆಯ ಮಾಲೀಕರು ಭಾನುವಾರ ಬಂದು ನೋಡುವವರಿದ್ದರು. ಅವರ ಮುಚ್ಚಳದ ಅಕ್ಷರವೆಲ್ಲ ಗಿರಾಕಿಯ ಹೆಬ್ಬೆಟ್ಟಿಗೆ ಅಂಟಿ ಹೋಗುತ್ತಿತ್ತಂತೆ. ಅವರು ಒಪ್ಪಿದರೆ ಯಂತ್ರ ಕಾರ್ಖಾನೆಗೆ, ಇಲ್ಲದಿದ್ದರೆ ಸೋಮವಾರವೇ ಗುಜರಿಗೆ ಅಂತ ಅವಳು ಗೆರೆ ಎಳೆದಿದ್ದಳು.

ಭಾನುವಾರ ಬೆಳಿಗ್ಗೆ ಸಿಡಿಲಪ್ಪ ಹನ್ನೆರಡು ಮುಚ್ಚಳಕ್ಕೆ ಜ್ವಾಲೆ ತೋರಿಸಿ, ಕಾಗದದ ಮೇಲೆ ಜೋಡಿಸಿಟ್ಟು ಸ್ನಾನಕ್ಕೆ ಹೋದ. ನಮ್ಮ ಅತ್ತೆಗೆ, ಅಂದರೆ ಅವನ ತಾಯಿಗೆ, ಮನೆಗೆ ಯಾರಾದರೂ ಬರುತ್ತಾರೆ ಅಂದರೆ ಒರೆಸುವ ಚಟ. ಒಮ್ಮೆ ನಾನೇ ಕುರ್ಚಿಯಲ್ಲಿ ತೂಕಡಿಸುತ್ತಿದ್ದಾಗ ನನ್ನ ಬೋಳುತಲೆಯನ್ನೂ ಒರೆಸಿದ್ದರು.

ಮಾಲೀಕರು ಬಂದರು. ಸಿಡಿಲಪ್ಪ ಮೊದಲ ಮುಚ್ಚಳಕ್ಕೆ ಅಚ್ಚು ಹಾಕಿ, ಒಣಗಿಸಿ, ಟೇಪು ಅಂಟಿಸಿ ಕಿತ್ತ. ಅಕ್ಷರವೆಲ್ಲ ಟೇಪಿನ ಜೊತೆಗೇ ಎದ್ದು ಬಂತು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಅವನ ಮುಖ ಹಿಂಡಿದ ನಿಂಬೆಹಣ್ಣಾಯಿತು.

ಬಾಗಿಲಲ್ಲಿ ನಿಂತಿದ್ದ ಅತ್ತೆ ಹೆಮ್ಮೆಯಿಂದ ಹೇಳಿದರು, “ಹೊಳೀಲಿ ಅಂತ ಎರಡು ಹನಿ ಮಿಷನ್ ಎಣ್ಣೆ ಹಾಕಿ ಎಲ್ಲಾನೂ ಒರೆಸಿಟ್ಟಿದ್ದೀನಿ ಕಣೋ.”

ಸಿಡಿಲಪ್ಪ ಓಡಿಹೋಗಿ ಮತ್ತೆ ಸ್ವಿಚ್ ಒತ್ತಿದ. ಬೀದಿಯ ಕರೆಂಟೇ ಹೋಯಿತು. ಮಾಲೀಕರು ಇನ್ನೊಮ್ಮೆ ನೋಡೋಣ ಅಂತ ಎದ್ದು ಒಂದು ಕಾಲಿಗೆ ಬೂಟು ಹಾಕಿಕೊಂಡರು.

ಆಗ ಬಚ್ಚಲಿನಿಂದ ಅವನ ಹೆಂಡತಿ ಒಂದು ಬಕೆಟ್ಟು ತಂದು ದಡ್ ಅಂತ ನಡುಮನೆಯಲ್ಲಿ ಕುಕ್ಕಿದಳು. “ರೀ, ಗುಜರಿಯವನಿಗೆ ಇದನ್ನೂ ಕೊಟ್ಬಿಡಿ. ಪ್ರಯೋಗ ಅಂತ ನನ್ನ ಹೊಸ ಬಕೆಟ್ ಮೇಲೆ ಬರೆದ್ರಲ್ಲ, ಆರು ತಿಂಗಳಿಂದ ಉಜ್ಜಿ ಉಜ್ಜಿ ನನ್ನ ಉಗುರು ಸವೀತೇ ಹೊರತು ಒಂದು ಕೊಂಬೂ ಅಲುಗಿಲ್ಲ.”

ಬಕೆಟ್ಟಿನ ಮೇಲೆ ‘ಮಾದರಿ ಹದಿನೇಳು, ಮಾರಾಟಕ್ಕಿಲ್ಲ’ ಅಂತ ಅಚ್ಚಾಗಿತ್ತು. ಮಾಲೀಕರು ಒಂಟಿ ಬೂಟಿನಲ್ಲೇ ಕುಕ್ಕರಗಾಲಲ್ಲಿ ಕೂತರು. ಟೇಪು ಹಾಕಿ ಎಳೆದರು. ಕಾರಿನ ಬೀಗದಕೈಯಿಂದ ಕೆರೆದರು. ಬಕೆಟ್ಟಿಗೆ ಗೀರು ಬಿತ್ತು, ಅಕ್ಷರ ಜಪ್ಪಯ್ಯ ಅನ್ನಲಿಲ್ಲ.

“ಅಮ್ಮಾ, ಈ ಬಕೆಟ್ ನನಗೆ ಕೊಡ್ತೀರಾ?”

“ಓದೋಕೆ ಬರಲ್ವಾ ಸ್ವಾಮಿ?” ಅಂದಳು ಅವಳು.

ಮುಂದಿನ ವಾರ ಯಂತ್ರ ಕಾರ್ಖಾನೆಗೆ ಹೋಯಿತು, ಅದರ ಹಿಂದೆಯೇ ಸಿಡಿಲಪ್ಪನೂ ಹೋದ. ಅಲ್ಲಿ ಬಾಗಿಲಿಗೆ ಮೊದಲು ಹಾಕಿದ್ದು ‘ಒರೆಸಬೇಡಿ’ ಅನ್ನುವ ಪ್ಲಾಸ್ಟಿಕ್ ಹಲಗೆ. ಅತ್ತೆ ನೋಡಲು ಹೋದವರು ಸೆರಗಿನಿಂದ ಆ ಹಲಗೆಯನ್ನೇ ಚೆನ್ನಾಗಿ ಒರೆಸಿ ಬಂದರು. ಅಕ್ಷರ ಇನ್ನೂ ಹಾಗೇ ಇದೆ.